ಹದಿನೇಳನೇ ಷರತ್ತು

ಜೂನ್ ೩, ಸೋಮವಾರ

ಸಾಹೇಬರು ಇವತ್ತು ಹೊಸ ಕಡತವೊಂದನ್ನು ತಾವೇ ತಂದು ನನ್ನ ಮೇಜಿನ ಮೇಲಿಟ್ಟರು. ಕಳಿಸದೆ ತಾವೇ ಬಂದರೆಂದರೆ ಏನೋ ಇದೆ ಎಂದೇ ಅರ್ಥ. "ಇದನ್ನ ನೀವೇ ದಡ ಮುಟ್ಟಿಸ್ಬೇಕು. ಬೇರೆಯವರ ಕೈಲಿ ಆಗಲ್ಲ" ಎಂದರು. ಯಾರಾದರೂ ಹೊಗಳಿದರೆ ನನಗೆ ಅನುಮಾನ ಬರುತ್ತದೆ. ಆದರೂ ಒಳಗೊಳಗೇ ಹಿಗ್ಗಿದೆ, ಸುಳ್ಳು ಯಾಕೆ ಹೇಳಲಿ.

ಈ ವಿಶ್ವವಿದ್ಯಾಲಯದಲ್ಲಿ ಯಾರು ಏನು ಕಂಡುಹಿಡಿದರೂ ಅದಕ್ಕೆ ಪೇಟೆಂಟ್ ಮಾಡಿಸಿ, ತಯಾರು ಮಾಡಿ ಮಾರಬಲ್ಲ ಕಂಪನಿ ಹುಡುಕಿ, ಪರವಾನಗಿ ಕೊಡಿಸುವುದು ನಮ್ಮ ವಿಭಾಗದ ಕೆಲಸ. "ನಿನ್ನದು ಹೆಣ್ಣು ತೋರಿಸೋ ಕೆಲಸ ಕಣೇ. ಹುಡುಗಿ ಚೆನ್ನಾಗಿದಾಳೆ ಅನ್ಬೇಕು, ಮುಖ ಮಾತ್ರ ತೋರಿಸ್ಬಾರ್ದು" ಎಂದು ನಮ್ಮ ಮನೆಯವರು ಗೇಲಿ ಮಾಡುತ್ತಿದ್ದರು. ಅದು ಇವರಿಗೆ ಮಾತು ಇದ್ದ ಕಾಲ.

ಕಡತ ಬಿಚ್ಚಿದವಳು ಮೊದಲ ಪುಟವನ್ನೇ ಎರಡು ಸಲ ಓದಿದೆ. ಗಂಟಲಿನ ಧ್ವನಿಪೆಟ್ಟಿಗೆ ತೆಗೆಸಿಕೊಂಡವರಿಗಾಗಿ ಮಾಡಿದ ಒಂದು ತೆಳು ಪಟ್ಟಿ. ಅದನ್ನು ಗದ್ದದ ಕೆಳಗೆ ಅಂಟಿಸಿಕೊಂಡು, ದನಿಯಿಲ್ಲದೆ ಬರಿದೇ ಬಾಯಾಡಿಸಿದರೆ ಸಾಕು. ಸ್ನಾಯು ಅಲುಗುವುದನ್ನು ಓದಿಕೊಂಡು, ಜೇಬಿನಲ್ಲಿಟ್ಟ ಪುಟ್ಟ ಪೆಟ್ಟಿಗೆ ಆ ಮಾತನ್ನು ಆಡುತ್ತದೆ. ಸಾಹೇಬರ ಕೋಣೆಗೆ ಓಡಿದೆ. "ಸರ್, ನಮ್ಮ ಮನೆಯವರಿಗೆ ಫೆಬ್ರವರೀಲಿ ಇದೇ ಆಪರೇಷನ್..." ಎಂದೆ. "ಗೊತ್ತಿದ್ದೇ ಕೊಟ್ಟಿದ್ದು. ನಿಮ್ಮ ಮನೆಯವರ ವಿಷಯ ಒಂದು ಹೇಳಿಕೆ ಬರೆದುಕೊಟ್ಟುಬಿಡಿ, ನಾಳೆ ಯಾರೂ ಬೆರಳು ತೋರಿಸ್ಬಾರ್ದು" ಎಂದರು.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಇವರಿಗೆ ಎಲ್ಲ ಹೇಳಿದೆ. ಇವರು ಸ್ಲೇಟು ತೆಗೆದುಕೊಂಡು ಏನೋ ಬರೆಯತೊಡಗಿದರು. ಅನುಮಾನವೆಂದು ಮುಖ ನೋಡಿದರೇ ಗೊತ್ತಾಗುತ್ತದೆ. "ಆಗೇ ಆಗುತ್ತೆ, ನಾನಿಲ್ವಾ? ನೀವು ತಲೆ ಕೆಡಿಸ್ಕೋಬೇಡಿ" ಎಂದೆ. ಅರ್ಧ ಬರೆದದ್ದನ್ನು ಒರೆಸಿ ಸ್ಲೇಟನ್ನು ಪಕ್ಕಕ್ಕಿಟ್ಟರು. ಇಷ್ಟು ವರ್ಷದ ಸಂಸಾರದಲ್ಲಿ ಪೂರ್ತಿ ಬರೆಯುವ ಶ್ರಮವಾದರೂ ಅವರಿಗೇಕೆ.

ಜೂನ್ ೭, ಶುಕ್ರವಾರ

ಪಟ್ಟಿ ಕಂಡುಹಿಡಿದ ಪ್ರೊಫೆಸರನ್ನು ನೋಡಿಬಂದೆ. ವಿದ್ಯಾರ್ಥಿಗಳು ಅವರಿಗಿಟ್ಟ ಹೆಸರು ಸೂಜಿ ಮೇಡಂ. ಸುಮ್ಮನೆ ಇಟ್ಟಿಲ್ಲ. ಕೂರಿ ಎನ್ನುವ ಮೊದಲೇ ಚುಚ್ಚಿದರು. "ನಿಮ್ಮ ಕರಾರಿನ ಹದಿನೇಳನೇ ಷರತ್ತು ಇದೆಯಲ್ಲ, ಅದು ಇರುತ್ತೆ ತಾನೆ?"

ಹದಿನೇಳು ಎಂದರೆ, ಪರವಾನಗಿ ಪಡೆದ ಕಂಪನಿ ಮೂರು ವರ್ಷದೊಳಗೆ ವಸ್ತುವನ್ನು ಅಂಗಡಿಗೆ ತರಬೇಕು, ತರದಿದ್ದರೆ ಹಕ್ಕು ನಮಗೆ ವಾಪಸ್. ಮೇಲಿನ ಮಹಡಿಯ ಹಿರಿಯ ಪ್ರೊಫೆಸರೊಬ್ಬರ ನೀರಿನ ಸೋಸುಕವನ್ನು ಒಂದು ಕಂಪನಿ ಕೊಂಡು ಕಪಾಟಿನಲ್ಲಿ ಮಲಗಿಸಿತ್ತು. ಅದು ಪೇಟೆಗೆ ಬಂದರೆ ಆ ಕಂಪನಿಯದೇ ಹಳೇ ಸೋಸುಕ ಮೂಲೆಗುಂಪಾಗುತ್ತಿತ್ತಲ್ಲ, ಅದಕ್ಕೆ. ಆಮೇಲೆ ಸೇರಿಸಿದ ಷರತ್ತು ಇದು. "ಇಲ್ಲದೆ ಎಲ್ಲಿ ಹೋಗುತ್ತೆ ಮೇಡಂ?" ಎಂದೆ.

ಕಿಟಕಿಯ ಬಳಿ ಮೇಣದ ಕುತ್ತಿಗೆಗಳನ್ನು ಸಾಲಾಗಿ ನಿಲ್ಲಿಸಿದ್ದರು. ಒಂದೊಂದರ ಮೇಲೂ ಒಂದೊಂದು ಅಳತೆಯ ಪಟ್ಟಿ. ಮುಟ್ಟಿ ನೋಡಿದೆ. ಗಾಯಕ್ಕೆ ಹಾಕುವ ಪಟ್ಟಿಗಿಂತ ತೆಳು, ನೋಡಿದರೆ ನಂಬಿಕೆಯೇ ಬರುವುದಿಲ್ಲ.

ಜೂನ್ ೧೮, ಮಂಗಳವಾರ

ಹೋದ ವಾರವೆಲ್ಲ ಒಂದು ಪುಟ ಬರೆಯುವುದರಲ್ಲಿ ಹೋಯಿತು. ಕಂಪನಿಗಳಿಗೆ ಕಳಿಸುವ ಪುಟ. ವಸ್ತು ಏನು ಮಾಡುತ್ತದೆ ಎಂದು ಬಾಯಲ್ಲಿ ನೀರೂರುವಂತೆ ಹೇಳಬೇಕು, ಹೇಗೆ ಮಾಡುತ್ತದೆ ಎಂಬುದರ ಸುಳಿವೂ ಸಿಗಬಾರದು. ಈ ಕಸುಬಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಸಾಹೇಬರು ಎಲ್ಲರೆದುರೂ ಹೇಳುತ್ತಾರೆ. ಪುಟ ಹೋದ ಮೂರನೇ ದಿನಕ್ಕೇ ದೊಡ್ಡ ಕಂಪನಿಯೊಂದು ಬಲೆಗೆ ಬಿತ್ತು. ಗಂಟಲಿಗೆ ಒತ್ತಿ ಹಿಡಿದರೆ ಗುಂಯ್ ಎಂದು ಮಾತಾಡಿಸುವ ಕೋಲು ಇದೆಯಲ್ಲ, ಅದನ್ನು ಮಾಡುವವರು ಅವರೇ. ಆಸ್ಪತ್ರೆಯಲ್ಲಿ ಇವರಿಗೂ ಅದನ್ನು ಕೊಟ್ಟಿದ್ದರು. ಎರಡು ದಿನ ಹಿಡಿದು ನೋಡಿ, ದುಂಬಿ ನುಂಗಿದ ಹಾಗಿದೆ ಎಂದು ಬರೆದು ಡ್ರಾಯರಿಗೆ ಎಸೆದುಬಿಟ್ಟರು.

ಸಂಜೆ ನಾದಿನಿ ಬಂದಿದ್ದಳು. ಅಣ್ಣನ ಪಕ್ಕ ಕೂತು ಹೇಗಿದೀಯ, ನಿದ್ದೆ ಬರುತ್ತಾ, ಏನು ತಿಂತೀಯ ಎಂದೆಲ್ಲ ವಿಚಾರಿಸಿದಳು. ಪರವಾಗಿಲ್ಲ, ನಿದ್ದೆ ಸುಮಾರು, ಕುಂಬಳಕಾಯಿ ಸೂಪು ಇಷ್ಟಪಟ್ಟು ಕುಡೀತಾರೆ ಎಂದೆ. "ಅಯ್ಯೋ ಅತ್ತಿಗೆ, ಅಣ್ಣನ್ನ ಕೇಳಿದ್ದು ನಾನು!" ಎಂದು ನಕ್ಕಳು. ಇವಳಿಗೇನು ಗೊತ್ತು? ತಿಂಗಳಿಗೊಮ್ಮೆ ಬಂದು ಹೋಗುವವಳಿಗೆ ಸ್ಲೇಟು ನೋಡುತ್ತ ಕೂರಲು ಪುರುಸೊತ್ತಿರುತ್ತದೆ.

ಜುಲೈ ೨, ಮಂಗಳವಾರ

ಪಟ್ಟಿಯ ಪರೀಕ್ಷೆಗೆ ಆಸ್ಪತ್ರೆಯವರು ಐದು ಜನರನ್ನು ಆರಿಸಿದರು, ತಿಂಗಳ ಕೊನೆಗೆ ಪಟ್ಟಿ ವಾಪಸ್ ಕೊಡಬೇಕು. ಅವರಲ್ಲಿ ಇವರೂ ಒಬ್ಬರು. ಆರಿಸಿದ್ದು ಡಾಕ್ಟರು, ನಾನು ಮೂಗು ತೂರಿಸಲಿಲ್ಲ. ಇದನ್ನೂ ಸಾಹೇಬರಿಗೆ ಬರೆದುಕೊಟ್ಟಿದ್ದೇನೆ.

ಸೂಜಿ ಮೇಡಂ ಖುದ್ದಾಗಿ ಪಟ್ಟಿ ಅಂಟಿಸಿದರು. "ಏನಾದ್ರೂ ಹೇಳಿ ಸರ್. ಆತುರ ಬೇಡ" ಎಂದರು. ಕೋಣೆಯಲ್ಲಿದ್ದವರೆಲ್ಲ ಇವರ ಬಾಯನ್ನೇ ನೋಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ. "ಹೆಸರು ಹೇಳ್ರೀ, ಸುಲಭ. ಇಲ್ಲಾ ಒಂದು ಎರಡು ಅನ್ನಿ. ಕುಡಿಯೋಕೆ ನೀರು ಬೇಕಾ? ಮೇಡಂ, ಸ್ವಲ್ಪ ನೀರು..." ಎನ್ನುತ್ತಿದ್ದೆ. ಇವರ ತುಟಿ ಅಲುಗಿತು. ಜೇಬಿನಿಂದ ರೈಲು ನಿಲ್ದಾಣದ ಘೋಷಣೆಯಂಥ ಒಂದು ದನಿ ಬಂತು.

"ನೀನು ಸ್ವಲ್ಪ ಸುಮ್ಮನಿರು."

ಎಲ್ಲರೂ ಹೋ ಎಂದು ನಕ್ಕರು. ಸೂಜಿ ಮೇಡಂ ಕೂಡ ನಕ್ಕರು, ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ. ಮನೆಗೆ ಬಂದು ಬಚ್ಚಲಿನ ನಲ್ಲಿ ಬಿಟ್ಟುಕೊಂಡು ಅತ್ತೆ. ಸಂತೋಷಕ್ಕೆ, ಇನ್ನೇನು.

ಜುಲೈ ೪, ಗುರುವಾರ

ಇವರಿಗೆ ಕುಂಬಳಕಾಯಿ ಸೂಪು ಕಂಡರಾಗುವುದಿಲ್ಲವಂತೆ! ಫೆಬ್ರವರಿಯಿಂದ ದಿನ ಬಿಟ್ಟು ದಿನ ಮಾಡಿ ಹಾಕುತ್ತಿದ್ದೇನೆ. "ಬರೆದಿದ್ದೆ. ನೀನು ಪೂರ್ತಿ ಓದಲಿಲ್ಲ" ಎಂದರು. ಚಹಾಕ್ಕೆ ಸಕ್ಕರೆ ಹೆಚ್ಚು. ಕಿಟಕಿ ತೆಗೆದಿಡಬೇಕು. ಮಗಳು ಫೋನ್ ಮಾಡಿದಾಗ ಅವರು ಮಲಗಿದ್ದಾರೆ ಎಂದು ನಾನು ಹೇಳಬಾರದು, ಏಕೆಂದರೆ ಅವರು ಮಲಗಿರುವುದಿಲ್ಲ. ಇಷ್ಟು ತಿಂಗಳಿನ ಬಾಕಿ ದೂರೆಲ್ಲ ಒಂದೇ ದಿನ ಬಂತು. ಮಾತು ಬಂದದ್ದೇ ಬಂತು, ಗಂಡ ಬಾಲ ಬಿಚ್ಚಿದರು.

ಮೊದಲ ದಿನ ನಾನು ಪಟ್ಟಿಯ ವಿಷಯ ಹೇಳಿದಾಗ ಸ್ಲೇಟಿನಲ್ಲಿ ಏನು ಬರೆಯಹೊರಟಿದ್ದರೆಂದು ಕೇಳಿದೆ. "ಭಯ ಆಗ್ತಿದೆ ಅಂತ. ಅಷ್ಟರಲ್ಲಿ ನೀನು ಧೈರ್ಯ ಹೇಳಿಬಿಟ್ಟೆ."

ಧೈರ್ಯ ಹೇಳಿದ್ದು ತಪ್ಪೇ? ನನಗೆ ಅರ್ಥವಾಗಲಿಲ್ಲ.

ಜುಲೈ ೧೨, ಶುಕ್ರವಾರ

ದೊಡ್ಡ ಕಂಪನಿಯವರು ಬಂದಿದ್ದರು. ಮಾತಾಡಿದ್ದೆಲ್ಲ ಒಬ್ಬರೇ. ನಗುಮೊಗದ ಮನುಷ್ಯ, ಕುರ್ಚಿ ಎಳೆಯುವಾಗಲೂ ನಗುತ್ತಾರೆ. ನಾವು ಕೇಳಿದ್ದಕ್ಕೆಲ್ಲ ಹೂಂ ಎಂದರು. ಇಷ್ಟು ಸಲೀಸಾಗಿ ಯಾವ ಕರಾರೂ ಆಗಿದ್ದು ನನಗೆ ನೆನಪಿಲ್ಲ. ಕೊನೆಯಲ್ಲಿ ಪುಟ ತಿರುವುತ್ತ, "ಈ ಹದಿನೇಳನೇದು ಒಂದು ತೆಗೆದುಬಿಡಿ. ಪೇಟೆಗೆ ಯಾವಾಗ ತರ್ಬೇಕು ಅನ್ನೋದು ನಮ್ಮ ಲೆಕ್ಕಾಚಾರಕ್ಕೆ ಬಿಟ್ಟಿದ್ದು" ಎಂದರು.

"ತರೋ ಮನಸ್ಸೇ ಇಲ್ಲ ಅಂತ ನೇರವಾಗಿ ಹೇಳಿ. ಇದು ಬಂದ್ರೆ ನಿಮ್ಮ ಕೋಲು ಯಾರು ಕೊಳ್ತಾರೆ?" ಎಂದು ಸೂಜಿ ಮೇಡಂ ಚುಚ್ಚಿದರು.

ಆ ಮನುಷ್ಯನ ನಗು ಮಾಸಲಿಲ್ಲ. "ಹಾಗಲ್ಲ ಮೇಡಂ. ನಮ್ಮ ಒಳ್ಳೇ ಮನಸ್ಸಿಗೆ ಸಾಕ್ಷಿಯಾಗಿ ಒಂದು ಮಾತು ಕೊಡ್ತೀವಿ. ಪರೀಕ್ಷೆಯಲ್ಲಿರೋ ಐದೂ ಜನಕ್ಕೆ ಬದುಕಿರೋವರೆಗೆ ಪಟ್ಟಿ ನಮ್ಮ ಕಡೆಯಿಂದ. ಕೆಟ್ಟರೆ ಹೊಸದು. ಅವರ ದನಿ ಒಂದು ದಿನವೂ ನಿಲ್ಲಲ್ಲ." ಹೇಳುವಾಗ ನನ್ನನ್ನೇ ನೋಡುತ್ತಿದ್ದರು. ವಿಚಾರಿಸಿಕೊಂಡೇ ಬಂದಿದ್ದಾರೆ.

ಮೇಡಂ ಎದ್ದು ಹೋದರು. ಸಾಹೇಬರಿಗೆ ಕರಾರು ಕೈತಪ್ಪುವ ಚಿಂತೆ. "ನೀವೇ ಯೋಚನೆ ಮಾಡಿ ಒಂದು ಕರಡು ತನ್ನಿ" ಎಂದು ನನ್ನ ತಲೆಗೆ ಕಟ್ಟಿ ಕೈ ತೊಳೆದುಕೊಂಡರು.

ಜುಲೈ ೧೫, ಸೋಮವಾರ

ಬರೆಯುವಂಥದ್ದೇನೂ ಇಲ್ಲ. ಇವರಿಂದ ಕಾರು ಕಲಿತ ಹಳೆಯ ಶಿಷ್ಯರೊಬ್ಬರು ಫೋನ್ ಮಾಡಿದ್ದರು. ಅಡುಗೆಮನೆಯಲ್ಲಿ ನಿಂತು ಇವರ ಮಾತು ಕೇಳಿಸಿಕೊಂಡೆ. ಗೇರು, ತಿರುವು, ಹಿಂದಿನ ಕನ್ನಡಿ ಎಂದು ಏನೇನೋ ಹೇಳುತ್ತಿದ್ದರು.

ಜುಲೈ ೧೯, ಶುಕ್ರವಾರ

ಇವರ ಕೆಮ್ಮು ನಿಂತಿಲ್ಲವೆಂದು ಹೋದ ವಾರ ಎದೆಯ ಚಿತ್ರ ತೆಗೆಸಿದ್ದೆವು. ಇವತ್ತು ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದು ತೋರಿಸಿದರು. ಶ್ವಾಸಕೋಶದಲ್ಲಿ ನೆರಳಿದೆ. ಇನ್ನೂ ಪರೀಕ್ಷೆ ಆಗಬೇಕು, ಈಗಲೇ ಏನೂ ಹೇಳಲಾಗದು ಎಂದರು. ಹೇಳಲಾಗದು ಎಂದು ಅವರು ಹೇಳಿದ ರೀತಿಯಲ್ಲೇ ಎಲ್ಲ ಹೇಳಿದಂತಾಯಿತು. ಇವರಿಗೆ ಸಣ್ಣ ಸೋಂಕು ಎಂದೆ.

ಕಚೇರಿಗೆ ಹೋಗಿ ಕರಡು ಬರೆದೆ. ಹದಿನೇಳನ್ನು ತೆಗೆದೆ. ಹದಿನೆಂಟಕ್ಕೆ ಹದಿನೇಳು ಎಂದು, ಹತ್ತೊಂಬತ್ತಕ್ಕೆ ಹದಿನೆಂಟು ಎಂದು ಅಂಕಿ ತಿದ್ದಿದೆ. ಈಗ ಎಣಿಸಿ ನೋಡಿದರೂ ಏನೂ ಕಾಣೆಯಾದಂತೆ ತೋರುವುದಿಲ್ಲ. ಸೂಜಿ ಮೇಡಂ ಸಹಿ ಹಾಕುವಾಗ ಹದಿನೇಳು ಇದೆಯಾ ಎಂದು ಪುಟ ತಿರುವಿದರೆ ಹದಿನೇಳು ಅಲ್ಲೇ ಇರುತ್ತದೆ, ವಿಳಾಸ ಬದಲಾದರೆ ತಿಳಿಸಬೇಕು ಎಂಬ ಷರತ್ತು. ಅಷ್ಟು ಮಟ್ಟಿಗೆ ನನ್ನ ಕಸುಬು ನನಗೆ ಗೊತ್ತು.

ಉಳಿದಿರುವ ದಿನಗಳಲ್ಲಾದರೂ ಇವರು ಮಾತಾಡಲಿ. ಮೂರು ವರ್ಷದ ಮಾತು ನನಗೆ ಬೇಡ, ಈ ವರ್ಷದ್ದು ಬೇಕು. ಇವರಿಗೂ ಬೇಕಾಗಿರುವುದು ಅದೇ. ನನಗೆ ಗೊತ್ತಿಲ್ಲದ್ದೇ?

ಜುಲೈ ೨೨, ಸೋಮವಾರ

ಬೆಳಿಗ್ಗೆ ಪ್ರಯೋಗಾಲಯದಲ್ಲಿ ಐದೂ ಜನರ ವಾರದ ತಪಾಸಣೆ. ಹೊರಗಿನ ಬೆಂಚಿನ ಮೇಲೆ ಇವರ ಪಕ್ಕ ತರಕಾರಿ ಮಾರುವ ಹೆಂಗಸು ಕೂತಿದ್ದಳು. ಅವಳ ಪೆಟ್ಟಿಗೆಯ ದನಿಯೂ ಇವರದೇ ದನಿ, ಇಬ್ಬರೂ ಮಾತಾಡಿದರೆ ಒಬ್ಬರೇ ತಮ್ಮಷ್ಟಕ್ಕೆ ಮಾತಾಡಿಕೊಂಡ ಹಾಗೆ ಕೇಳುತ್ತದೆ. ಅವಳು ನನ್ನನ್ನು ನೋಡಿ, "ಅಕ್ಕಾ, ಇದು ಅಂಗಡೀಲಿ ಯಾವಾಗ ಸಿಗುತ್ತೆ? ಆಸ್ಪತ್ರೇಲಿ ನನ್ನ ಪಕ್ಕದ ಮಂಚದಲ್ಲಿದ್ದವಳಿಗೂ ದನಿ ಇಲ್ಲ, ದಿನಾ ಸನ್ನೆ ಮಾಡಿ ಕೇಳ್ತಾಳೆ. ಅವಳ ಮೊಮ್ಮಗು ಈಗ ಮಾತು ಕಲೀತಿದೆಯಂತೆ" ಎಂದಳು.

ನಾನು ಚೀಲ ಬಿಚ್ಚಿ ಅದರೊಳಗೆ ಏನೋ ಹುಡುಕತೊಡಗಿದೆ.

"ಬರುತ್ತೆ. ನನ್ನ ಹೆಂಡತಿ ನೋಡ್ಕೋತಾಳೆ" ಎಂದರು ಇವರು.

ಕಚೇರಿಯಲ್ಲಿ ಕರಡು ಸಾಹೇಬರ ಮೇಜಿಗೆ ಹೋಗಬೇಕಿತ್ತು. ನನ್ನ ಚೀಲದಲ್ಲೇ ಉಳಿಯಿತು. ಮಧ್ಯಾಹ್ನವೇ ಮನೆಗೆ ಬಂದುಬಿಟ್ಟೆ. ಇವರು ಮೆಟ್ಟಿಲ ಮೇಲೆ ಕೂತು ಬೂಟಿಗೆ ಪಾಲಿಶ್ ಹಚ್ಚುತ್ತಿದ್ದರು. ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ನೆರಳಿನ ವಿಷಯವನ್ನೂ ಹೇಳಿದೆ. ಸೋಂಕಲ್ಲ ಎಂದು ಅವರಿಗೆ ಮೊದಲೇ ಗೊತ್ತಿತ್ತಂತೆ.

"ಷರತ್ತು ಯಾರಿಗೋಸ್ಕರ ತೆಗೆದೆ?"

"ನಿಮಗೋಸ್ಕರ. ಮತ್ಯಾರಿಗೆ?"

"ನನ್ನ ಕೇಳಿದ್ಯಾ?"

ಅವರು ಬ್ರಷ್ಷನ್ನು ಬೂಟಿನೊಳಗೆ ಇಟ್ಟರು. "ಕಾರು ಕಲಿಸೋವಾಗ ನನ್ನ ಕಾಲಡಿಗೂ ಒಂದು ಬ್ರೇಕ್ ಇರ್ತಿತ್ತು. ಕಲಿಯೋರು ಸ್ವಲ್ಪ ತಡ ಮಾಡಿದ್ರೂ ಒತ್ತಿಬಿಡೋಣ ಅಂತ ಕಾಲು ತುರಿಸುತ್ತೆ. ಒತ್ತಿದ್ರೆ ಅವರಿಗೆ ಗಾಡಿ ಬರೋದೇ ಇಲ್ಲ. ನೀನು ಆಪರೇಷನ್ ಆದಾಗಿಂದ ಕಾಲು ತೆಗೆದೇ ಇಲ್ಲ ಕಣೇ." ಆ ಪೆಟ್ಟಿಗೆಗೆ ಕೋಪವೂ ಗೊತ್ತಿಲ್ಲ, ಪ್ರೀತಿಯೂ ಗೊತ್ತಿಲ್ಲ, ಎಲ್ಲವನ್ನೂ ಒಂದೇ ಸಮ ಹೇಳುತ್ತದೆ. ಮುಖ ನೋಡಿಯೇ ತಿಳಿಯಬೇಕು. ನೋಡಿದೆ. ಕೋಪವಿರಲಿಲ್ಲ.

"ನಿಮಗೇನು ಬೇಕು, ಹೇಳಿ" ಎಂದೆ.

ಬೂಟನ್ನು ಪಕ್ಕಕ್ಕಿಟ್ಟರು. "ಮಾತು ಬೇಕು. ತುಂಬಾ ಬೇಕು. ಆದ್ರೆ ಆ ತರಕಾರಿಯಮ್ಮನ ಪಕ್ಕದ ಮಂಚದವಳ ಬಾಯಿ ಮುಚ್ಚಿಸಿ ಬೇಡ. ಷರತ್ತು ವಾಪಸ್ ಹಾಕು."

"ಹಾಕಿದ್ರೆ ಅವರು ಎದ್ದು ಹೋಗ್ತಾರೆ. ತಿಂಗಳ ಕೊನೆಗೆ ಪಟ್ಟಿ ಕೊಟ್ಟುಬಿಡ್ಬೇಕು. ದನಿ ಹೋಗುತ್ತೆ."

"ಹೋಗ್ಲಿ ಬಿಡು. ಒಂದ್ಸಲ ಹೋಗಿದೆ, ಅಭ್ಯಾಸ ಇದೆ" ಎಂದು ನಕ್ಕರು. ನಗುವುದು ಮಾತ್ರ ಪೆಟ್ಟಿಗೆಗೆ ಬರುವುದಿಲ್ಲ. ಅದು ಮುಖದಲ್ಲಷ್ಟೇ.

ಎಷ್ಟಾದರೂ ಡ್ರೈವಿಂಗ್ ಮೇಷ್ಟ್ರು, ಎಲ್ಲದಕ್ಕೂ ಗಾಡಿಯದೇ ಪಾಠ.

ಜುಲೈ ೨೩, ಮಂಗಳವಾರ

ಹಾಕಿದೆ. ಅದೇ ಅಂಕಿ, ಅದೇ ಜಾಗ. ಹಿಂದಿನ ಕರಡಿನಲ್ಲಿ ಏನು ಮಾಡಿದ್ದೆನೆಂದೂ ಸಾಹೇಬರಿಗೆ ಹೇಳಿದೆ. ಮುಖ ಕೆಂಪಾಯಿತು. ಕಡತವನ್ನು ನನ್ನಿಂದ ಕಿತ್ತುಕೊಳ್ಳುತ್ತಾರೆಂದುಕೊಂಡೆ. ಕಿತ್ತುಕೊಳ್ಳುವುದರ ಬದಲು, "ಸೂಜಿ ಮೇಡಂಗೆ ನೀವೇ ಹೇಳಿ. ನನ್ನ ಕೈಲಾಗಲ್ಲ" ಎಂದರು. ಹೋಗಿ ಹೇಳಿದೆ. ಮೇಡಂ ಬೈಯುತ್ತಾರೆಂದು ಕಾದು ನಿಂತೆ. ಕನ್ನಡಕ ತೆಗೆದು ಒರೆಸಿಕೊಂಡರು, ಕರಡು ತೆಗೆದುಕೊಂಡು ಹದಿನೇಳನ್ನು ಬೆರಳಿಟ್ಟು ಓದಿದರು. ಬೈದಿದ್ದರೇ ವಾಸಿಯಿತ್ತು.

ದೊಡ್ಡ ಕಂಪನಿ ಸಂಜೆಯೇ ಹಿಂದೆ ಸರಿಯಿತು. ನಗುಮೊಗದವರು ಫೋನಿನಲ್ಲೂ ನಗುತ್ತಲೇ ಇದ್ದರು.

ಜುಲೈ ೩೦, ಮಂಗಳವಾರ

ಪಟ್ಟಿ ವಾಪಸ್ ಕೊಟ್ಟೆವು. ನಿನ್ನೆ ಸಂಜೆ ಇವರು ಮಗಳೊಂದಿಗೆ ಫೋನಿನಲ್ಲಿ ಮಾತಾಡಿದರು. ನಾನು ಅಂಗಳಕ್ಕೆ ಹೋಗಿ ನಿಂತೆ. ಅವರಿಬ್ಬರ ಮಾತು ಅವರಿಬ್ಬರದು. ಆಮೇಲೆ ನನ್ನನ್ನು ಕರೆದು ಒಂದಿಷ್ಟು ಹೇಳಿದರು. ಅದನ್ನಿಲ್ಲಿ ಬರೆಯುವುದಿಲ್ಲ.

ತರಕಾರಿಯಮ್ಮ ಪಟ್ಟಿಯನ್ನು ಸೀರೆಯ ಸೆರಗಿನಿಂದ ಒರೆಸಿ ಮೇಡಂ ಕೈಗಿತ್ತಳು. ನನಗೆ ಸಿಟ್ಟು ಬಂತು. ಯಾರ ಮೇಲೆಂದು ತಿಳಿಯದು.

ಆಗಸ್ಟ್ ೨೦, ಮಂಗಳವಾರ

ಇನ್ನೊಂದು ಕಂಪನಿಯೂ ಬೇಡವೆಂದಿತು. ಪುಟವನ್ನು ಹೊಸದಾಗಿ ಬರೆದೆ. ಈ ಸಲ ಬಾಯಲ್ಲಿ ನೀರೂರಿಸುವ ಮಾತೆಲ್ಲ ಬಿಟ್ಟೆ. ಯಾರಿಗೆ ಬೇಕು, ಏಕೆ ಬೇಕು, ಅಷ್ಟೇ. ಅರ್ಧ ಪುಟಕ್ಕೇ ಮುಗಿಯಿತು. "ಏನಿದು, ಇಷ್ಟೇನಾ?" ಎಂದರು ಸಾಹೇಬರು.

ಇವರು ಸೊರಗಿದ್ದಾರೆ. ಸಂಜೆ ಕಿಟಕಿ ಬಳಿ ಕೂರುತ್ತೇವೆ. ಅವರು ಬರೆಯುವಾಗ ನಾನು ಹುರುಳಿಕಾಯಿ ಸೋಸುತ್ತೇನೆ. ಒಂದು ಸಾಲಿಗೆ ಒಂದು ಹಿಡಿ ಕಾಯಿ ಆಗುತ್ತದೆ.

ಸೆಪ್ಟೆಂಬರ್ ೨೭, ಶುಕ್ರವಾರ

ಸಹಿ ಆಯಿತು! ಶ್ರವಣಯಂತ್ರ ಮಾಡುವ ಅಕ್ಕತಂಗಿಯರು. ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಕಾರ್ಖಾನೆ, ನಮ್ಮ ಕಚೇರಿಯ ಊಟದ ಕೋಣೆಗಿಂತ ಸ್ವಲ್ಪ ದೊಡ್ಡದು. ಹದಿನೇಳನ್ನು ತೋರಿಸಿದಾಗ ತಂಗಿ ಗಾಬರಿಯಾದಳು. ಅಕ್ಕ ಮಾತ್ರ, "ಮೂರು ವರ್ಷ ಯಾರು ಕಾಯ್ತಾರೆ? ಎರಡು ಅಂತ ಬರೀರಿ, ನಮಗೂ ಬೆನ್ನ ಹಿಂದೆ ತಿವಿಯೋರು ಒಬ್ಬರು ಇರ್ಲಿ" ಎಂದಳು. ಸೂಜಿ ಮೇಡಂ ಅಲ್ಲೇ ಕಣ್ಣೊರೆಸಿಕೊಂಡರು. ಸೂಜಿಗೂ ಕಣ್ಣೀರು ಬರುತ್ತದೆಂದು ವಿದ್ಯಾರ್ಥಿಗಳಿಗೆ ಹೇಳಿದರೆ ನಂಬಲಾರರು.

ಎರಡು ವರ್ಷ. ಮನೆಗೆ ಬಂದು ಇವರಿಗೆ ಹೇಳಿದೆ. ಆ ಲೆಕ್ಕ ಇಬ್ಬರಿಗೂ ಗೊತ್ತು. ಇವರು ಸ್ಲೇಟು ತೆಗೆದುಕೊಂಡರು. ಕೈ ಈಗ ಬಹಳ ನಿಧಾನ. ಹೊರಗೆ ಯಾರೋ ಬಾಗಿಲು ತಟ್ಟಿ, ಕಾದು, ಹೊರಟುಹೋದರು. ನಾನು ಏಳಲಿಲ್ಲ. "ತರಕಾರಿಯಮ್ಮನಿಗೆ ಇವತ್ತೇ ಹೋಗಿ ಹೇಳಿ ಬಾ" ಎಂದು ಬರೆದಿದ್ದರು. ಹೋಗಿ ಹೇಳಿ ಬಂದೆ.

ಅಕ್ಟೋಬರ್ ೧೪, ಸೋಮವಾರ

ಡಾಕ್ಟರು ಇಬ್ಬರನ್ನೂ ಒಟ್ಟಿಗೆ ಕೂರಿಸಿಕೊಂಡರು. ಹಾಗೆಂದು ನಾನು ಮೊದಲೇ ಕೇಳಿಕೊಂಡಿದ್ದೆ. ನೆರಳು ಹರಡಿದೆ. ಇನ್ನೊಂದು ಸುತ್ತಿನ ಔಷಧಿ ಕೊಡಬಹುದು. ಅದಕ್ಕೆ ಆಸ್ಪತ್ರೆಯಲ್ಲೇ ಇರಬೇಕಾಗುತ್ತದೆ, ಬಹಳ ಸಂಕಟವಾಗುತ್ತದೆ, ಕೆಲವು ತಿಂಗಳು ಸಿಗಬಹುದು, ಸಿಗದೆಯೂ ಇರಬಹುದು ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಏನ್ಮಾಡೋಣ ಅಂತೀರಮ್ಮ?" ಎಂದರು.

ಬೇಕು ಎಂಬ ಮಾತು ತುಟಿಯ ತುದಿಯಲ್ಲೇ ಇತ್ತು. ಇವರನ್ನು ನೋಡಿದೆ. ಸ್ಲೇಟು ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದರು. ಒಮ್ಮೆ ಒರೆಸಿದರು. ಮತ್ತೆ ಬರೆದರು. ಡಾಕ್ಟರು ಗಡಿಯಾರ ನೋಡಿದರು, ಪೆನ್ನು ತೆರೆದರು, ಮುಚ್ಚಿದರು.

"ಬರೀತಿದಾರೆ ಡಾಕ್ಟ್ರೇ" ಎಂದೆ.

ಸ್ಲೇಟು ತಿರುಗಿಸಿ ತೋರಿಸಿದರು. "ನನಗೆ ಬೇಡ. ಮನೇಲಿ ಇರ್ತೀನಿ. ಇವಳಿಗೆ ಬೇಕು ಅನ್ಸುತ್ತೆ. ಅವಳನ್ನೂ ಕೇಳಿ."

ಡಾಕ್ಟರು ಕೇಳಿದರು.

"ನನಗೆ ಬೇಕು ಅಂತಲೇ ಇದೆ. ಅವರು ಹೇಳಿದ್ದನ್ನ ಬರ್ಕೊಳ್ಳಿ" ಎಂದೆ.

ಡಾಕ್ಟರು ಬರೆದುಕೊಂಡರು.

ಹೊರಗೆ ಬಂದು ಬೆಂಚಿನ ಮೇಲೆ ಕೂತು ಅತ್ತೆ. ಜನ ಓಡಾಡುತ್ತಿದ್ದರು, ಅತ್ತೆ. ಇವರು ನನ್ನ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. ಸ್ವಲ್ಪ ಹೊತ್ತಿಗೆ ಅವರ ತುಟಿ ಅಲುಗಿತು. ಏನೆಂದು ತಿಳಿಯಲಿಲ್ಲ. ಸ್ಲೇಟು ಚೀಲದಲ್ಲಿತ್ತು.

"ಇನ್ನೊಂದ್ಸಲ ಹೇಳಿ" ಎಂದೆ.

ಇನ್ನೊಮ್ಮೆ ಹೇಳಿದರು. ಆಗಲೂ ತಿಳಿಯಲಿಲ್ಲ. ಮೂರನೇ ಸಲಕ್ಕೆ ಗೊತ್ತಾಯಿತು. ಹಸಿವಾಗಿದೆಯಂತೆ.

ಎದ್ದು ಇಬ್ಬರೂ ಊಟಕ್ಕೆ ಹೋದೆವು.